ಕಂಬದ ಹೊಟ್ಟೆ

ಕಲಘಟಗಿ ಹೈಸ್ಕೂಲಿನ ಹೊಳೆಪ್ಪ ಮಾಸ್ತರರು ಗ್ರೀಸ್ ದೇಶ ನೋಡಿರಲಿಲ್ಲ. ಆದರೆ ಗ್ರೀಕರ ತಪ್ಪು ಹಿಡಿದಿದ್ದರು. ಧಾರವಾಡದ ಗ್ರಂಥಾಲಯದಿಂದ ತಂದ ಪುಸ್ತಕದಲ್ಲಿದ್ದ ಗ್ರೀಕ್ ಗುಡಿಯ ಚಿತ್ರಕ್ಕೆ ಫೂಟ್‌ಪಟ್ಟಿ ಹಚ್ಚಿ ನೋಡಿದರೆ ಕಂಬಗಳ ನಡು ಕೂದಲೆಳೆಯಷ್ಟು ಉಬ್ಬಿತ್ತು. ಅಲ್ಲಿಗೆ ಮಾಸ್ತರರ ಎದೆಯೂ ಉಬ್ಬಿತು. 'ಗ್ರೀಕ್ ಕವಿಗಳು ಕಥೆಯನ್ನು ನಡುವಿನಿಂದ ಶುರುಮಾಡಿ ಕೆಡಿಸಿದರು, ಶಿಲ್ಪಿಗಳು ಕಂಬದ ನಡುವನ್ನೇ ಕೆಡಿಸಿದರು' ಎಂದು ನಲವತ್ತು ಪುಟ ಗೀಚಿದರು. ನಾಳೆ ಧಾರವಾಡದಲ್ಲಿ ಪ್ರೊಫೆಸರರ ಮುಂದೆ ಅದನ್ನು ಓದಬೇಕು; ಊರಿಗೆಲ್ಲ ಹೇಳಿಕೊಂಡಾಗಿತ್ತು. ಅವರು ಒಪ್ಪಿದರೆ ಪಿಎಚ್‌ಡಿ. ಇಲ್ಲದಿದ್ದರೆ ಜೀವಮಾನವಿಡೀ ಎಂಟನೇ ಇಯತ್ತೆಯ ಪಾಠ.

ಸಂಜೆ, ಮಗಳ ಕೂಸಿಗೆಂದು ಮಾಡಿಸುತ್ತಿದ್ದ ತೊಟ್ಟಿಲು ನೋಡಲು ಮುದುಕ ಬಡಿಗ ಮಾಬುಸಾಬನ ಅಂಗಡಿಗೆ ಹೋದರು. ಕೈ ಸುಮ್ಮನಿರಬೇಕಲ್ಲ, ತೊಟ್ಟಿಲಿಗೆ ಇನ್ನೂ ಜೋಡಿಸದ ಕಾಲಿಗೂ ಪಟ್ಟಿ ಹಚ್ಚಿದರು.

"ಮಾಬುಕಾಕಾ, ಕಾಲಿಗೆ ಹೊಟ್ಟಿ ಬಂದೈತಲ್ಲೋ!"

"ಬೇಕಂತನ ಬಿಟ್ಟೇನ್ರಿ ಮಾಸ್ತರ."

"ತಪ್ಪು ಮಾಡಿ ಬೇಕಂತ ಅನ್ನೂದು ನಮ್ಮ ಸಾಲಿ ಹುಡುಗರ ಮಾತು."

ಮಾಬುಸಾಬ ಮೂಲೆಯಲ್ಲಿ ಬಿದ್ದಿದ್ದ ಇನ್ನೊಂದು ಕಾಲು ತಂದು, ಎರಡನ್ನೂ ಬಾಗಿಲ ಬೆಳಕಿಗೆ ನಿಲ್ಲಿಸಿದ. "ಯಾವದು ನೆಟ್ಟಗೈತಿ, ಹೇಳ್ರಿ."

ಎಡಗಡೆಯದರ ಸೊಂಟ ಸೊರಗಿತ್ತು. ಬಲಗಡೆಯದು ಎಳೆದ ಗೆರೆ.

"ಬಲಗಡೀದು. ಕುರುಡನೂ ಹೇಳ್ತಾನ."

"ಕುರುಡ ಮುಟ್ಟಿ ಖರೇ ಹೇಳ್ತಿದ್ದ. ಪಟ್ಟಿ ಹಚ್ಚರಿ."

ಸೊರಗಿದ್ದ ಕಾಲು ತುದಿಯಿಂದ ತುದಿಗೆ ಪಟ್ಟಿಗೆ ಅಂಟಿ ನಿಂತಿತು. ನೆಟ್ಟಗಿದ್ದದ್ದರ ನಡುವಿಗೆ ಮಾತ್ರ ಹೊಟ್ಟೆ! ಪಟ್ಟಿ ತೆಗೆದರೆ ಮತ್ತೆ ನೆಟ್ಟಗೆ. ಮಾಸ್ತರರು ಮೂರು ಸಲ ಹಚ್ಚಿದರು, ಮೂರು ಸಲ ತೆಗೆದರು.

"ಕಣ್ಣು ನಡುವ ತಿಂತಾವ್ರಿ," ಎಂದ ಮಾಬುಸಾಬ. "ಅವು ತಿನ್ನೂವಷ್ಟು ನಾವ ಮದಲ ಬಿಟ್ಟಿರತೇವಿ."

"ನಿನಗ ಯಾರು ಹೇಳಿದ್ರು?"

"ನಮ್ಮಪ್ಪ."

"ಅವರಿಗೆ?"

"ಅವರಪ್ಪ."

ಮಾಸ್ತರರು ಕಟ್ಟಿಗೆ ಹೊಟ್ಟಿನ ಮೇಲೇ ಕುಳಿತುಬಿಟ್ಟರು. ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಸಿನಲ್ಲಿ ಯಾವನೋ ಒಬ್ಬ, ಕೈಯಲ್ಲಿ ಉಳಿ ಹಿಡಿದು, ಇನ್ನೂ ಹುಟ್ಟದವರ ಕಣ್ಣನ್ನು ನೆನೆದು ಕಲ್ಲಿಗೆ ಅಷ್ಟೇ ಅಷ್ಟು ಉಬ್ಬು ಬಿಟ್ಟಿದ್ದ. ಕೇಳುವವರ ಕಿವಿ ಎಲ್ಲಿ ತೂಕಡಿಸುತ್ತದೆಂದು ಬಲ್ಲ ಕವಿಯೂ ಬೇಕಂತಲೇ ಕಥೆಯನ್ನು ನಡುವಿನಿಂದ ಹಿಡಿದನೇನೋ! ಚೀಲದಿಂದ ನಲವತ್ತೂ ಪುಟ ತೆಗೆದು ಒಂದೇ ಸಲಕ್ಕೆ ಹರಿದರು.

"ಅಯ್ಯ! ನಾಳೆ ಏನ ಓದಾವ್ರು?"

"ಓದೂದಿಲ್ಲ ಕಾಕಾ. ಇವೆರಡೂ ಕಾಲ ಕೊಡು, ಪ್ರೊಫೆಸರರ ಟೇಬಲ್ ಮ್ಯಾಲ ನಿಂದ್ರಸ್ತೇನಿ."

"ನಗ್ತಾರ್ರೀ!"

"ನಗಲಿ. ಮದಲ ಒಮ್ಮೆ ನೋಡ್ಲಿ."