ಡೆಕ್ಕಿನಡಿಯ ಮುಡಿ

ಎಲ್ಲಿಂದ ಶುರು ಮಾಡಲಿ? ಡೆಕ್ಕಿನ ಮೇಲಿಂದಲೋ, ಅಡಿಯಿಂದಲೋ? ಮೇಲೆ ಕೂತರೆ ಕಥೆ ಚೆಂದ: ತಲ್ಲೂರಿನ ಹಿತ್ತಿಲು, ಮರದ ಹಲಗೆ, ಸಂಜೆಯ ಚಾ. ಆದರೆ ಕೆಟ್ಟದ್ದು ಅಡಿಯಲ್ಲಿ. (ಹಾಗಾಗಿ ಚಾದ ಸಾಲು ಹೊಡೆದುಹಾಕಿದೆ.)

೧
ಉಮಾನಾಥ ಮುಂಬಯಿಯ ಹೋಟೆಲನ್ನು ಅಳಿಯನಿಗೆ ಬಿಟ್ಟು ಊರಿಗೆ ಬಂದವನು ಮನೆ ರಿಪೇರಿ ಮಾಡಿಸಿದ. ಅಡುಗೆಮನೆಯ ಹೊಗೆ ಹಿಡಿದ ಅಟ್ಟ ಹೋಯಿತು, ಹಿತ್ತಿಲಿಗೆ ಕಂಬಗಳ ಮೇಲೆ ಎತ್ತರಿಸಿದ ಹಲಗೆಯ ಡೆಕ್ ಬಂತು. ಅಟ್ಟದಲ್ಲಿದ್ದ ಮುಡಿಯನ್ನು ಇನ್ನೆಲ್ಲಿಡುವುದೆಂದು ಅಕ್ಕ ಕುಸುಮಾವತಿ ಕೇಳಿದಳು. ಒಣಹುಲ್ಲು ಸುತ್ತಿ ಬಿಗಿದ ಆ ಮುಡಿಯೊಳಗೆ ಬೀಜದ ಭತ್ತ. ಅವರ ಅಬ್ಬಿ, ಹೆತ್ತ ತಾಯಿ, ವರ್ಷವರ್ಷವೂ ಬಿತ್ತಿ ಉಳಿಸಿ ಮಗಳ ಕೈಗೆ ಕೊಟ್ಟುಹೋದ ತಳಿ. ಸುತ್ತಲಿನ ಯಾರ ಗದ್ದೆಯಲ್ಲೂ ಈಗ ಅದಿಲ್ಲ.

"ಡೆಕ್ಕಿನಡಿ ಸ್ಟೋರ್ ಮಾಡ್ತೆ ಅಕ್ಕ. ಒಂದ್ ಹನಿ ನೀರ್ ಬತ್ತಿಲ್ಲೆ."

೨
ಹಲಗೆಗಳ ಕೆಳಗೆ ಇಳಿಜಾರಾಗಿ ಶೀಟು ಹೊಡೆಸಿದ. ನೀರು ಹೊರಗೆ ಹೋಗಲು ತುದಿಗೊಂದು ಪೈಪು. ಸುತ್ತ ದಪ್ಪ ಟಾರ್ಪಾಲು, ಎದುರಿಗೊಂದು ಬಾಗಿಲು. ಅಕ್ಕ ಬಗ್ಗಿ ನೋಡಿದಳು.

"ಗಾಳಿ ಎಲ್ಲಿಂದ ಬತ್ತ್ ಮಾರಾಯ?"

"ಭತ್ತಕ್ಕೆಂತ ಫ್ಯಾನ್ ಹಾಕ್ಕಾ?"

ಅವನು ನಕ್ಕ. ಅಕ್ಕನೂ ನಕ್ಕಳು. ಮುಡಿ ಒಳಗೆ ಹೋಯಿತು.

("ಹ್ವಾಯ್, ಆ ಫ್ಯಾನಿನ್ ಮಾತ್ ಕಥೆಯಿಂದ ತೆಗ್ದ್ ಬಿಡಿ" ಎಂದು ಉಮಾನಾಥ ನನ್ನ ಹತ್ತಿರ ಅಂಗಲಾಚಿದ. ತೆಗೆದರೆ ಅವನು ಬರೀ ಪಾಪದವನಾಗುತ್ತಾನೆ. ತೆಗೆಯಲಿಲ್ಲ.)

೪
(ಮೂರನೆಯದನ್ನು ಹರಿದೆ. ಅದರಲ್ಲಿ ತಪ್ಪನ್ನೆಲ್ಲ ಮಳೆಯ ಮೇಲೆ ಹಾಕಿದ್ದೆ.)

ಮೇ ತಿಂಗಳಲ್ಲೇ ಮಳೆ ಹಿಡಿಯಿತು. ಮೇಲಿಂದ ಒಂದು ಹನಿಯೂ ಇಳಿಯಲಿಲ್ಲ. ಕೊಟ್ಟ ಮಾತನ್ನು ಅವನು ಉಳಿಸಿಕೊಂಡ. ಆದರೆ ನೆಲ ಬೆವರಿತು. ಹೊರಗೆ ಹೋಗಲು ದಾರಿಯಿಲ್ಲದ ತೇವ ಹುಲ್ಲಿನೊಳಗೆ ಹೊಕ್ಕಿತು. ಬಿತ್ತನೆಗೆಂದು ಬಾಗಿಲು ತೆಗೆದಾಗ ಮುಗ್ಗಲು ವಾಸನೆ. ಮುಡಿ ಮುಟ್ಟಿದರೆ ಜ್ವರ ಬಂದ ಮಗುವಿನ ಬೆನ್ನಿನಷ್ಟು ಬೆಚ್ಚಗೆ.

"ಒಂದ್ಸಲಿ ಬೈ ಅಕ್ಕ."

"ಬೈದ್ರೆ ಎಂತ ಆತ್ತ್? ಅವತ್ತ್ ನಾನೂ ನೆಗ್ಯಾಡಿದ್ದೆ ಅಲ್ದಾ."

ಅವಳು ಮುಡಿಯ ನಡುವಿನಿಂದ ಒಂದು ಮುಷ್ಟಿ ಭತ್ತ ತೆಗೆದು ನೆನೆಹಾಕಿ, ಬಟ್ಟೆಯಲ್ಲಿ ಗಂಟು ಕಟ್ಟಿಟ್ಟಳು. ಜೀವ ಇದ್ದರೆ ಮೂರು ದಿನಕ್ಕೆ ಮೊಳಕೆ.

೫
ಕೊನೆಗಳು ನನ್ನ ಹತ್ತಿರ ಬೇಕಾದಷ್ಟಿವೆ. ಒಂದರಲ್ಲಿ ಎಲ್ಲ ಕಾಳೂ ಮೊಳೆತಿದೆ. (ಆ ಮುಡಿ ಮುಟ್ಟಿದವರು ನಂಬುವುದಿಲ್ಲ.) ಇನ್ನೊಂದರಲ್ಲಿ ಒಂದೂ ಇಲ್ಲ, ಉಮಾನಾಥ ಸಿಟ್ಟಿನಿಂದ ಡೆಕ್ ಕೀಳುತ್ತಾನೆ. (ಡ್ರಾಮಾ ಜಾಸ್ತಿಯಾಯಿತು.) ಮತ್ತೊಂದರಲ್ಲಿ ಏಳೆಂಟು ಕಾಳು ಮಾತ್ರ. ಯಾವುದು ಬರೆಯಲಿ ಎಂದು ಅಕ್ಕನನ್ನೇ ಕೇಳಿದೆ.

"ನೀವ್ ಬರ್ದ್ ಕೂಡ್ಲೆ ಭತ್ತ ಮೊಳ್ಕಿ ಬತ್ತಾ? ಸುಮ್ನೆ ಕೂಕಣಿ."

ಕೂತಿದ್ದೇನೆ. ಇವತ್ತಿಗೆ ಐದನೇ ದಿನ. ಬಿಚ್ಚು ಎಂದು ಅಕ್ಕ ಗಂಟನ್ನು ತಮ್ಮನ ಮುಂದಿಟ್ಟಳು.

"ಇವತ್ತೊಂದ್ ದಿನ ಇರ್ಲಿ ಅಕ್ಕ."

"ನಿನ್ನೆಯೂ ಹಂಗೇ ಹೇಳ್ದೆ."

ಅಷ್ಟು ಹೇಳಿ, ಗಂಟಿನ ಮೇಲೆ ಮತ್ತೆ ನೀರು ಚಿಮುಕಿಸಿದಳು.