ಮೌತ್‌ವಾಷಿಗೆ ಎರಡೇ ಏಟು

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಇಕ್ಕಳ, ಕನ್ನಡಿ ತೊಳೆಯುತ್ತಿದ್ದವಳಿಗೆ ಫೋನಿನ ಮೇಜು ಸಿಗುವ ಯೋಗ ಬಂತು. ಅಲ್ಲಿ ಕೂರುತ್ತಿದ್ದ ಹಿರಿಯಾಕೆ, ಎಲ್ಲರ ಬಾಯಲ್ಲಿ ಫೋನಕ್ಕ, ಕೆಲಸ ಬಿಡುವವಳಿದ್ದಳು. "ಇಂಗ್ಲಿಷ್ ತಿದ್ದಿಕೊಂಡ್ರೆ ಕುರ್ಚಿ ನಿನ್ನದೇ," ಎಂದರು ಡಾಕ್ಟರು.

ಊಟದ ಬಿಡುವಿನಲ್ಲಿ ಫೋನಕ್ಕ ಪಾಠಕ್ಕೆ ಕೂರಿಸಿಕೊಂಡಳು.

"ಟೂತ್‌ಬ್ರಷ್ ಅನ್ನು."

"ಟೂತು ಬ್ರಷ್ಷು."

"ಅಯ್ಯೋ ತಾಯಿ, ಎರಡು ತುಂಡಿನ ಪದಾನ ನಾಲ್ಕು ಮಾಡಿದೆಯಲ್ಲೇ! ಬಾಲ ಕತ್ತರಿಸು. ಎರಡು ಪದ ಕೂಡಿ ಒಂದಾದ್ರೆ ಒತ್ತು ಸಾಮಾನ್ಯವಾಗಿ ಮೊದಲನೇದಕ್ಕೆ. ಮಿಕ್ಕಿದ್ದು ಮೆತ್ತಗೆ."

ಫೋನಕ್ಕ ಚಮಚದಿಂದ ಮೇಜು ಕುಟ್ಟಿ ತೋರಿಸಿದಳು. ಟೂತ್‌ಬ್ರಷ್‌ಗೆ ಒಂದು ಜೋರು, ಒಂದು ಮೆಲ್ಲಗೆ. ನ್ಯೂಸ್‌ಪೇಪರಿಗೆ ಮೂರು ಏಟು. ಜೋರು ಮಾತ್ರ ಮೊದಲನೆಯದೇ.

ಪಾಠ ಕಲಿಯುವವಳದು ಒಂದೇ ಕೋಣೆಯ ಮನೆ, ಒಂಟಿ ಜೀವ. ಸಂಜೆ ಮಂಚದ ಮೇಲೆ ಕೂತು, ಪದ ಹೇಳುತ್ತ ಚಮಚದಿಂದ ಗೋಡೆ ಕುಟ್ಟುವಳು. ಆ ಕೋಣೆಯಲ್ಲಿ ಅವಳು ಅಷ್ಟು ಮಾತಾಡಿದ್ದು ಅದೇ ಮೊದಲು.

ಒಂದು ದಿನ ಪಕ್ಕದ ಕೋಣೆಯ ಅಜ್ಜ ಬಾಗಿಲಿಗೆ ಬಂದರು. ಹಿಂದೆ ದರ್ಜಿಯಾಗಿದ್ದವರು, ಮೆಟ್ಟಿಲಲ್ಲಿ ಸಿಕ್ಕರೆ ತಲೆಯಾಡಿಸುವಷ್ಟೇ ಪರಿಚಯ.

"ನೀನೇನಮ್ಮ ಕುಟ್ಟೋದು?"

ಅವಳು ನಾಲಗೆ ಕಚ್ಚಿಕೊಂಡಳು. "ತಪ್ಪಾಯ್ತು ಅಜ್ಜ. ನಿದ್ದೆ ಕೆಡಿಸಿದೆನಾ?"

"ನಿದ್ದೆ ಎಲ್ಲಿ ಬಂತು! ಯಾರೋ ನನ್ನ ಬಾಗಿಲು ತಟ್ತಾರೆ ಅಂತ ದಿನಾ ಎದ್ದು ತೆಗೀತಿದ್ದೆ. ಒಂದು ನರಪಿಳ್ಳೆಯೂ ಇರ್ತಿರಲಿಲ್ಲ."

ಇಬ್ಬರಿಗೂ ನಗು ಬಂತು. ಅಜ್ಜನ ನಗು ಬೇಗ ನಿಂತಿತು. "ಯಾವಾಗಾದ್ರೂ ಬಾಗಿಲನ್ನೇ ತಟ್ಟಮ್ಮ," ಎಂದರು.

"ಖಂಡಿತ ಬರ್ತೀನಜ್ಜ."

ಅಂದಿನಿಂದ ಅವಳು ದಿಂಬಿನ ಮೇಲೆ ಕುಟ್ಟಿದಳು. ಬರುತ್ತೇನೆ ಎಂದದ್ದು ಮಾತ್ರ ಇವತ್ತು ನಾಳೆ ಎನ್ನುತ್ತ ಹಾಗೇ ಉಳಿಯಿತು.

ಪರೀಕ್ಷೆಗೆಂದು ಡಾಕ್ಟರು ಒಳಕೋಣೆಯಿಂದ ಫೋನು ಮಾಡಿ, ರೋಗಿಯಂತೆ ನರಳುತ್ತ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರು. ಅವಳು ಮೌತ್‌ವಾಷ್ ಎಂದಳು. ಬಾಲವಿರಲಿಲ್ಲ, ಒತ್ತು ಬೀಳಬೇಕಾದಲ್ಲೇ ಬಿತ್ತು. ಕುರ್ಚಿ ಅವಳದಾಯಿತು. ಫೋನಕ್ಕ ಅವಳ ಕೆನ್ನೆ ಸವರಿ, ತನ್ನ ಚೀಲ ಎತ್ತಿಕೊಂಡು ಊರ ಬಸ್ಸು ಹಿಡಿದಳು.

ಆ ಸಂಜೆ ಅವಳು ಸಿಹಿಯ ಪೊಟ್ಟಣ ಹಿಡಿದು ಅಜ್ಜನ ಕೋಣೆಗೆ ಹೋದಳು. ಬೀಗ ಜೋಲುತ್ತಿತ್ತು.

"ಅವರ ತಂಗಿ ಬಂದು ಕರ್ಕೊಂಡು ಹೋದ್ರು," ಎಂದಳು ಮೆಟ್ಟಿಲು ಗುಡಿಸುವವಳು. "ಇನ್ನು ಬರಲ್ವಂತೆ."

ಇನ್ಯಾರಿಗೆ ಹೇಳುವುದೆಂದು ಅವಳು ಯೋಚಿಸಿದಳು. ಯಾರೂ ಹೊಳೆಯಲಿಲ್ಲ.

ಮಾರನೆಯ ಬೆಳಿಗ್ಗೆ ಪೊಟ್ಟಣವನ್ನು ಕ್ಲಿನಿಕ್ಕಿಗೇ ಒಯ್ದಳು.

"ಏನಮ್ಮ ವಿಶೇಷ?" ಎಂದರು ಡಾಕ್ಟರು, ಒಂದು ತುಂಡು ಬಾಯಿಗೆ ಹಾಕಿಕೊಳ್ಳುತ್ತ.

"ಕೆಲಸ ಸಿಕ್ತಲ್ಲ ಸಾರ್, ಮನೇಲಿ ಎಲ್ರಿಗೂ ಖುಷಿ," ಎಂದಳು. "ಅವರೇ ಕೊಟ್ಟು ಕಳಿಸಿದ್ರು."