ಫ್ರಿಜ್ಜಿನ ಹಿಂದಿನ ನಲ್ಲಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಅವತ್ತು ಮಾತ್ರ ಯಾರ ಮೇಲೆ ಸಿಟ್ಟಾಗಬೇಕೆಂದೇ ತಿಳಿಯಲಿಲ್ಲ.

ಫೋನ್ ಬಂದದ್ದು ನನಗೆ ಫ್ರಿಜ್ ರಿಪೇರಿ ಕಲಿಸಿದ ಮೇಸ್ತ್ರಿಯ ಮನೆಯಿಂದ. ನಾವೆಲ್ಲ ಅವರನ್ನು ಅಣ್ಣ ಅನ್ನುತ್ತೇವೆ. ಒಂದು ವರ್ಷದಿಂದ ಅವರಿಗೆ ಮರೆವಿನ ಕಾಯಿಲೆ. ಹೋದ ಕೂಡಲೇ ಅವರ ಹೆಂಡತಿ, ನಮ್ಮ ಅತ್ತಿಗೆ, ಬಾಗಿಲಲ್ಲೇ ತಡೆದು ಪಿಸುಗುಟ್ಟಿದರು.

"ಐಸ್ ಬೀಳ್ತಿಲ್ಲ ಅಂತ ನಾಲ್ಕು ದಿನದಿಂದ ಬಿಚ್ಚೋದು, ಜೋಡ್ಸೋದು. ಊಟ ನಿದ್ದೆ ಏನೂ ಇಲ್ಲ. ನಮ್ಮನೆ ಫ್ರಿಜ್ಜೇ ಸರಿ ಮಾಡೋಕಾಗಲ್ಲ ಅಂದ್ರೆ ಕೆಲಸದ ಚೀಲ ನಿಂಗೆ ಕೊಟ್ಬಿಡ್ತಾರಂತೆ. ಆ ಚೀಲ ಹೋದ್ರೆ ಇವ್ರು ಉಳಿಯಲ್ಲ ಕಣಪ್ಪ."

ಅಣ್ಣ ಅಡುಗೆಮನೆಯ ನೆಲದ ಮೇಲೆ ಕೂತಿದ್ದರು. "ಬಾರೋ ಮೊದ್ದು. ನೀರಿನ ಫಿಲ್ಟರ್ ಹೊಸದು ಹಾಕ್ದಾಗಿಂದ ಹಿಂಗೇ. ಪೈಪೂ ಊದಿ ನೋಡ್ದೆ. ಒಂದು ಹನಿ ನೀರು ಬರ್ತಿಲ್ಲ."

"ವಯಸ್ಸಾಯ್ತು ನಿಮ್ಗೆ. ಜರುಗಿ ಆಕಡೆ."

"ವಯಸ್ಸಂತೆ, ನಿನ್ನ ತಲೆ."

ಫ್ರಿಜ್ ಎಳೆದು ಹಿಂದೆ ಕೈ ಹಾಕಿದೆ. ಐಸಿಗೆಂದು ಫ್ರಿಜ್ಜಿಗೆ ನೀರು ಬಿಡುವ ಗೋಡೆಯ ಪುಟ್ಟ ನಲ್ಲಿ ಪೂರ್ತಿ ಮುಚ್ಚಿತ್ತು. ರಿಪೇರಿಗೆ ಕೈ ಹಾಕುವ ಮುಂಚೆ ನೀರು ನಿಲ್ಲಿಸಬೇಕೆಂದು ನನ್ನ ತಲೆಗೆ ಮೊಟಕಿ ಮೊಟಕಿ ಕಲಿಸಿದವರು ಇವರೇ. ಫಿಲ್ಟರ್ ಹಾಕಲು ನಿಲ್ಲಿಸಿದ್ದಾರೆ, ಮತ್ತೆ ಬಿಡುವುದನ್ನು ಮರೆತಿದ್ದಾರೆ. ಅಷ್ಟೇ.

ಅವರಿಗೆ ಹೇಗೆ ಹೇಳಲಿ? ಹೇಳಲಿಲ್ಲ. ಕರೆಂಟಿನಿಂದ ತೆರೆದು ನೀರು ಒಳಬಿಡುವ ವಾಲ್ವ್ ಬಿಚ್ಚಿ, ನನ್ನ ಹತ್ತಿರವಿದ್ದ ಹೊಸದು ಹಾಕಿದೆ, ಸದ್ದಾಗದಂತೆ ನಲ್ಲಿ ತಿರುಗಿಸಿದೆ.

"ವಾಲ್ವ್ ಸುಟ್ಟೋಗಿತ್ತು ಅಣ್ಣ. ಹೊರಗಿಂದ ನೋಡಿದ್ರೆ ಯಾರಿಗೂ ಗೊತ್ತಾಗಲ್ಲ."

ಸ್ವಲ್ಪ ಹೊತ್ತಿಗೆ ಐಸಿನ ಅಚ್ಚಿಗೆ ನೀರು ಬೀಳುವ ಸದ್ದು ಕೇಳಿತು. ಅಣ್ಣನ ಮುಖ ಅರಳಿತು. "ಕೇಳಿದ್ಯೇನೇ? ನಂದೇನೂ ತಪ್ಪಿರ್ಲಿಲ್ಲ," ಎಂದರು ಅತ್ತಿಗೆಗೆ. ಆಕೆ ಅತ್ತ ತಿರುಗಿ ಕಣ್ಣೊರೆಸಿಕೊಂಡರು.

ನಾನು ಸಾಮಾನು ಎತ್ತಿಡುತ್ತಿದ್ದೆ. ತಿರುಗಿ ನೋಡಿದರೆ ಅಣ್ಣ ಹಳೆಯ ವಾಲ್ವ್ ಕೈಗೆತ್ತಿಕೊಂಡು, ತಮ್ಮ ಚೀಲದಲ್ಲಿದ್ದ ಟೆಸ್ಟಿಂಗ್ ಮೀಟರಿನ ಎರಡೂ ತಂತಿ ಅದಕ್ಕೆ ಮುಟ್ಟಿಸಿದ್ದರು. ಮುಳ್ಳು ಸರಿಯಾಗಿ ಎದ್ದಿತು. ಇನ್ನೊಮ್ಮೆ ಮುಟ್ಟಿಸಿದರು. ಮತ್ತೆ ಎದ್ದಿತು.

"ಇದು ಸುಟ್ಟಿಲ್ಲ."

ಕೆಡದ ಭಾಗವನ್ನು ಕೆಟ್ಟಿದೆ ಅಂದ ಕೆಲಸಗಾರರನ್ನು ಅವರು ಅವತ್ತೇ ಮನೆಗೆ ಕಳಿಸುತ್ತಿದ್ದರು.

"ನಲ್ಲಿ ಮುಚ್ಚಿತ್ತಾ?"

"ಬಿಡಿ ಅಣ್ಣ, ಈಗ್ಯಾಕೆ."

"ನಾನೇ ನಿಲ್ಸಿದ್ನಾ?"

ಹೌದೆಂದು ತಲೆಯಾಡಿಸಿದೆ.

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ತಮ್ಮ ಕೆಲಸದ ಚೀಲವನ್ನು ಎರಡೂ ಕೈಯಿಂದ ನನ್ನ ಕಡೆ ತಳ್ಳಿದರು.

"ಒಳ್ಳೇ ವಾಲ್ವ್ ಕಣೋ ಇದು. ಇದನ್ನೇ ವಾಪಸ್ ಹಾಕು. ಆಮೇಲೆ ಚೀಲ ತಗೊಂಡು ಹೋಗು."

ಮತ್ತೆ ಬಿಚ್ಚಲು ಕೂತೆ. ಅಣ್ಣ ಮೆಲ್ಲಗೆ ಜರುಗಿ ಬಂದು ಪಕ್ಕದಲ್ಲಿ ಕೂತು, ಕೆಲಸಕ್ಕೆ ಹೊಸದಾಗಿ ಸೇರಿದವರು ಹಿಡಿಯುವ ಹಾಗೆ ಟಾರ್ಚ್ ಹಿಡಿದರು. ಬೆಳಕು ಸರಿಯಾದ ಜಾಗಕ್ಕೇ ಬೀಳುತ್ತಿತ್ತು. ಕಣ್ಣು ತುಂಬಿ ನನಗೇ ಏನೂ ಕಾಣಲಿಲ್ಲ.